ಲಾವಣಿ ಹೊಲ ಮಾಡಿದವನಿಗೆ ಬೆಳೆ ಪರಿಹಾರ ಯಾಕಿಲ್ಲ?

ಎರೆಹೊಲ (ಗದಗ ಜಿಲ್ಲೆ)

ಎಲ್ಲಾರಿಗೂ ನಮಸ್ಕಾರ. ಭಾಳ ದಿನದಿಂದ ಇಲ್ಲಿ ಬರೀ ಓದ್ತಿದ್ದೆ, ಬರೆಯೋದು ಇದ ಮೊದಲು.

ನಂದು ಸ್ವಂತದ್ದು 2 ಎಕರೆ. ಅದರ ಜೋಡಿ 6 ಎಕರೆ ಎರಿ ಹೊಲ ಲಾವಣಿ, ಅಂದ್ರ ರೊಕ್ಕದ ಗುತ್ತಿಗಿ, ಹಾಕ್ಕೊಂಡೀನಿ. ಎಕರೆಕ್ಕ 10,000 ರೂಪಾಯಿದಂಗ ಯುಗಾದಿಗೇ 60,000 ಎಣಿಸಿ ಕೊಟ್ಟೀನಿ. ಮುಂಗಾರಿಗೆ ಹೆಸರುಕಾಳು ಬಿತ್ತಿದ್ದೆ. ಬೀಜ, ಗೊಬ್ಬರ, ಎಡಿ ಹೊಡೆಯೋದು, ಕಸ ತೆಗೆಯೋ ಆಳು, ಹುಳಕ್ಕ ಎಣ್ಣಿ ಹೊಡೆಯೋದು ಎಲ್ಲಾ ನಂದ. ಬುಡ್ಡಿ ಬಿಡಿಸೋ ಹೊತ್ತಿಗೆ ಆಗಸ್ಟ್‌ನ್ಯಾಗ ಮಳಿ ಹಿಡಿದು ಬಿಡಲಿಲ್ಲ. ಗಿಡದಾಗ ಕಾಳು ಮೊಳಕಿ ಒಡೀತು. ರಾಶಿ ಮಾಡಿದ್ರ ಆಳಿನ ಪಗಾರ ಸುದ್ದ ಹುಟ್ಟೂದಿಲ್ಲ ಅಂತ ಎಷ್ಟೋ ಮಂದಿ ಟ್ರ್ಯಾಕ್ಟರ್ ಹೊಡೆದು ಕೆಡಿಸಿದ್ರು. ನಾನೂ ಕೆಡಿಸಿದೆ.

ಈಗ ಪರಿಹಾರ ಬಂದೈತಿ. ನನ್ನ 2 ಎಕರೆದ್ದು ನನ್ನ ಖಾತೆಗೆ ಬಂತು, ಇಲ್ಲ ಅನ್ನಂಗಿಲ್ಲ. ಲಾವಣಿ ಹೊಲದ್ದು ಹೊಲದ ಮಾಲಕರ ಖಾತೆಗೆ ಹೋತು. ಅವರು ಹುಬ್ಬಳ್ಳ್ಯಾಗ ಇರ್ತಾರ, ಕೆಟ್ಟ ಮನಷ್ಯಾರಲ್ಲ. ಫೋನ್ ಮಾಡಿ ಕೇಳಿದ್ರ "ಸರ್ಕಾರ ನನ್ನ ಹೆಸರಿಗೆ ಹಾಕೈತಿ, ನಾ ಏನ ಮಾಡ್ಲಿ" ಅಂದ್ರು. ಬೆಳಿ ಹೋಗಿದ್ದು ನಂದು, ಪರಿಹಾರ ಅವರಿಗೆ. ಇದಕ್ಕ ಕಾನೂನಿನಾಗ ದಾರಿ ಏನರ ಐತೇನು? ಗೊತ್ತಿದ್ದವರು ಹೇಳ್ರಿ.

ಬಯಲುಸೀಮೆ

ಅಣ್ಣ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಮಳೆ ಬಂದು ಬೆಳೆ ಹೋಗಬಹುದು ಅಂತ ಗೊತ್ತಿದ್ದೇ ಅಲ್ವಾ ಗುತ್ತಿಗೆ ಮಾಡೋದು? ಪರಿಹಾರ ಮಾಲೀಕರಿಗೆ ಹೋಗುತ್ತೆ ಅಂತಾನೂ ಗೊತ್ತು. ಹಾಗಿದ್ರೆ ಗುತ್ತಿಗೆ ಮಾತಾಡುವಾಗಲೇ ಅದನ್ನ ಲೆಕ್ಕ ಹಾಕಿ ಕಡಿಮೆ ಕೇಳಬಹುದಲ್ಲ.

ಎರೆಹೊಲ

ಕೇಳಬಹುದರೀ. ಆದ್ರ ನಾ 8,000 ಅಂದ್ರ ನನ್ನ ಹಿಂದ ಮೂರು ಮಂದಿ 11,000 ಕೊಡ್ತೀವಿ ಅಂತ ನಿಂತಿರ್ತಾರ. 2 ಎಕರೆದಾಗ ಸಂಸಾರ ನಡಿಯೂದಿಲ್ಲ. ಟ್ರ್ಯಾಕ್ಟರ್ ಕಂತು ಕಟ್ಟಬೇಕು ಅಂದ್ರ ಇನ್ನೊಬ್ಬರ ಹೊಲ ಮಾಡಲೇಬೇಕು. ಮಾತಾಡೋ ಹೊತ್ತಿನಾಗ ಜೋರು ಯಾರದ್ದು ಅನ್ನೋದು ನಿಮಗೂ ಗೊತ್ತೈತಿ.

ಹಳೇಪಹಣಿ (ನಿವೃತ್ತ, ಕಂದಾಯ ಇಲಾಖೆ)

ಮೂವತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ಹಣ ಯಾವ ದಾರಿಯಲ್ಲಿ ಬರುತ್ತದೆ ಎಂದು ತಿಳಿಯದೆ ಎಲ್ಲಿ ತಪ್ಪುತ್ತಿದೆ ಎಂದು ಹೇಳಲಾಗುವುದಿಲ್ಲ.

ಬೆಳೆ ಹಾನಿ ಪರಿಹಾರದ ದರವನ್ನು ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿ ನಿಗದಿ ಮಾಡುತ್ತದೆ. 2025ರಲ್ಲಿ ಅದು ಹೆಕ್ಟೇರಿಗೆ ಖುಷ್ಕಿಗೆ (ಮಳೆ ನಂಬಿದ ಹೊಲಕ್ಕೆ) 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಗರಿಷ್ಠ 2 ಹೆಕ್ಟೇರ್. ಶೇ. 33ಕ್ಕಿಂತ ಕಡಿಮೆ ಹಾನಿಯಾದರೆ ಇಲ್ಲ. 2025ರ ಮಳೆಗೆ ರಾಜ್ಯ ಸರ್ಕಾರ ಇದರ ಮೇಲೆ ಹೆಕ್ಟೇರಿಗೆ 8,500 ಸೇರಿಸಿತು. ಹಾಗಾಗಿ ಖುಷ್ಕಿ 17,000, ನೀರಾವರಿ 25,500, ಬಹುವಾರ್ಷಿಕ 31,000 ಆಯಿತು. ನಿಮ್ಮ 2 ಎಕರೆ ಎಂದರೆ 0.81 ಹೆಕ್ಟೇರ್, ಸುಮಾರು 13,760 ರೂಪಾಯಿ. ಮಾಲೀಕರ 6 ಎಕರೆ 2 ಹೆಕ್ಟೇರ್ ಮೀರುವುದರಿಂದ 34,000ಕ್ಕೆ ನಿಲ್ಲುತ್ತದೆ.

ಇನ್ನು ದಾರಿ. ಬೆಳೆ ಸಮೀಕ್ಷೆಯವರು ಹೊಲಕ್ಕೆ ಬಂದು ಫೋಟೊ ಹೊಡೆದು ಈ ಸರ್ವೆ ನಂಬರಿನಲ್ಲಿ ಹೆಸರುಕಾಳಿನ ಬೆಳೆ ಇದೆ ಎಂದು ಆ್ಯಪ್‌ನಲ್ಲಿ ಹಾಕುತ್ತಾರೆ. ಹಾನಿಯಾದಾಗ ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಜಂಟಿಯಾಗಿ ನೋಡಿ ಸರ್ವೆ ನಂಬರುವಾರು ಪಟ್ಟಿ ಮಾಡುತ್ತಾರೆ. ಆ ಸರ್ವೆ ನಂಬರು ಯಾರ ರೈತ ಗುರುತಿನ ಸಂಖ್ಯೆಗೆ, ಅಂದರೆ ಎಫ್‌ಐಡಿಗೆ ಜೋಡಣೆಯಾಗಿದೆಯೋ, ಅವರ ಆಧಾರ್ ಯಾವ ಬ್ಯಾಂಕ್ ಖಾತೆಗೆ ಸೇರಿದೆಯೋ ಅಲ್ಲಿಗೆ ಹಣ ಹೋಗುತ್ತದೆ. ಎಫ್‌ಐಡಿ ಆಗುವುದು ಪಹಣಿಯ 9ನೇ ಕಾಲಂನಲ್ಲಿ, ಅಂದರೆ ಮಾಲೀಕರ ಕಾಲಂನಲ್ಲಿ, ಹೆಸರಿದ್ದವರಿಗೆ. ಈ ಸಾಲಿನಲ್ಲಿ ಎಲ್ಲಿಯೂ "ಬಿತ್ತಿದವರು ಯಾರು" ಎಂಬ ಪ್ರಶ್ನೆ ಬರುವುದಿಲ್ಲ. ಬೆಳೆ ಯಾವುದು ಎಂದು ಕೇಳುತ್ತಾರೆ, ಬೆಳೆದವರನ್ನು ಕೇಳುವುದಿಲ್ಲ.

ಪಹಣಿಯಲ್ಲಿ 12ನೇ ಕಾಲಂ ಒಂದಿದೆ. ಸಾಗುವಳಿದಾರರ ಹೆಸರು, ಸಾಗುವಳಿಯ ರೀತಿ ಬರೆಯಲೆಂದೇ ಇರುವ ಜಾಗ. ನಾನು ಕೆಲಸಕ್ಕೆ ಸೇರಿದಾಗಿನಿಂದ ಬಿಡುವವರೆಗೂ ಅಲ್ಲಿ "ಸ್ವಂತ" ಎಂದು ಬಿಟ್ಟು ಬೇರೆ ಬರೆದದ್ದು ಬೆರಳೆಣಿಕೆ. ಪಕ್ಕದ ಹೊಲದಲ್ಲಿ ಯಾರು ಉಳುತ್ತಿದ್ದಾರೆ ಎಂದು ನನಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಭೀಮಾತೀರ (ಕಲಬುರಗಿ)

ಗುರುಗಳೆ, ಯಾಕ ಬರೀತಿರಲಿಲ್ಲ ಅನ್ನೋದನ್ನೂ ಹೇಳ್ರಿ. ನಮ್ಮ ಕಡೆ ತೊಗರಿ ಬೆಳೆಯೋರಾಗ ಪಾಲಿಗೆ ಮಾಡೋರು ಭಾಳ ಅದಾರ. ಸೆಪ್ಟೆಂಬರ್ ಮಳಿಗೆ ತೊಗರಿ ನೀರಾಗ ನಿಂತು ನೆಟಿ ರೋಗ ಹತ್ತಿ ಒಣಗಿತು. ಪಾಲಿನವಂಗ ಒಂದು ರೂಪಾಯಿ ಸುದ್ದ ಬರಲಿಲ್ಲ.

ಹಳೇಪಹಣಿ

ಬರೆಯದಿರಲು ಕಾರಣ ಕಾನೂನೇ. 1961ರ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಆದ ತಿದ್ದುಪಡಿ ಗೇಣಿ ಪದ್ಧತಿಯನ್ನೇ ಕಿತ್ತುಹಾಕಿತು. ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಹಾಕಿದರು, ಭೂ ನ್ಯಾಯಮಂಡಳಿಗಳು ತೀರ್ಮಾನ ಕೊಟ್ಟವು, ಅಷ್ಟೊಂದು ಜನರಿಗೆ ಭೂಮಿ ಸಿಕ್ಕಿತು. ಅದು ಈ ರಾಜ್ಯದಲ್ಲಿ ಆದ ದೊಡ್ಡ ಕೆಲಸ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಅದೇ ಕಾಯ್ದೆಯ 5ನೇ ಕಲಮು ಇನ್ನು ಮುಂದೆ ಗೇಣಿಗೆ ಕೊಡುವುದನ್ನು ನಿಷೇಧಿಸಿತು, ಸೈನಿಕರು ಮತ್ತು ನಾವಿಕರಿಗೆ ವಿನಾಯಿತಿ. ಹಾಗಾಗಿ ಕಾಗದದ ಮೇಲೆ ಕರ್ನಾಟಕದಲ್ಲಿ ಗೇಣಿದಾರರೇ ಇಲ್ಲ. ಇಲ್ಲದವರ ಹೆಸರನ್ನು ಗ್ರಾಮ ಲೆಕ್ಕಿಗ ಎಲ್ಲಿಂದ ಬರೆದಾನು? ಎರೆಹೊಲ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ. ಇವತ್ತಿನ ಕಾನೂನಿನಲ್ಲಿ ದಾರಿ ಇಲ್ಲ.

ಮಗಳುಬೆಂಗಳೂರು

ನಾನು ಎದುರುಗಡೆಯವಳು, ಅಂದರೆ ಹೊಲದ ಮಾಲೀಕರ ಕಡೆಯವಳು. ಬೈಯಬೇಡಿ, ಪೂರ್ತಿ ಓದಿ.

ನಮ್ಮ ಅಮ್ಮನ ಹೆಸರಿನಲ್ಲಿ 5 ಎಕರೆ ಇದೆ, ಹಾವೇರಿ ಕಡೆ. ಅಪ್ಪ ಹೋದ ಮೇಲೆ ಅಮ್ಮ ನನ್ನ ಜೊತೆ ಬೆಂಗಳೂರಿನಲ್ಲಿದ್ದಾರೆ. ಹೊಲವನ್ನು ಅದೇ ಊರಿನ ಒಬ್ಬರು ಹನ್ನೆರಡು ವರ್ಷದಿಂದ ಮಾಡುತ್ತಿದ್ದಾರೆ, ಗೋವಿನಜೋಳ ಹಾಕುತ್ತಾರೆ. ಒಂದು ಚೀಟಿಯೂ ಇಲ್ಲ, ಎಲ್ಲಾ ಬಾಯಿಮಾತು. ಯಾಕೆಂದರೆ ಅಮ್ಮನ ತವರಿನಲ್ಲಿ ಅಜ್ಜಿ ಗಂಡ ಸತ್ತ ಮೇಲೆ ಗೇಣಿಗೆ ಕೊಟ್ಟಿದ್ದ 3 ಎಕರೆ ಎಪ್ಪತ್ತರ ದಶಕದಲ್ಲಿ ಹೋಯಿತು. ಅಜ್ಜಿ ಜಮೀನ್ದಾರಳಲ್ಲ, ಅದೇ ಅವಳ ಅನ್ನ. ಕಾನೂನು ಒಳ್ಳೆಯದಕ್ಕೇ ಬಂತು ಎಂದು ನಾನು ಓದಿ ತಿಳಿದಿದ್ದೇನೆ, ಆದರೆ ಅಮ್ಮನಿಗೆ ನೆನಪಿರುವುದು ಅವಳ ತಾಯಿ ಅತ್ತದ್ದು. ಬೇರೆಯವರ ಹೆಸರು ಪಹಣಿಯ ಯಾವ ಮೂಲೆಯಲ್ಲಿ ಬಂದರೂ ಅವರಿಗೆ ನಿದ್ದೆ ಬರುವುದಿಲ್ಲ.

2024ರಲ್ಲಿ ಬರ ಪರಿಹಾರ ಅಮ್ಮನ ಖಾತೆಗೆ ಬಂತು, ಜನವರಿಯಲ್ಲಿ 2,000 ಮೊದಲು, ಮೇ ತಿಂಗಳಲ್ಲಿ ಉಳಿದದ್ದು. ಅದು ಏನು ಎಂದು ನಮಗೆ ಅರ್ಥವಾಗಲಿಲ್ಲ. ಪಿಎಂ ಕಿಸಾನ್ ಹಣದ ಹಾಗೆ ಇದೂ ಒಂದು ಎಂದುಕೊಂಡೆವು. ಈ ಚರ್ಚೆ ಓದುವವರೆಗೂ ಅದು ಹೊಲ ಮಾಡಿದವರಿಗೆ ಸೇರಬೇಕಾದ್ದು ಅಂತ ನನಗೆ ಹೊಳೆದಿರಲಿಲ್ಲ. ನಿಜ ಹೇಳುತ್ತಿದ್ದೇನೆ.

ಬಯಲುಸೀಮೆ

ಸೇರಬೇಕಾದ್ದು ಅಂತ ಯಾಕೆ ಅಂದ್ಕೋತೀರಾ ಮೇಡಂ? ಪಿಎಂ ಕಿಸಾನ್ ಭೂಮಿ ಇರೋ ಕುಟುಂಬಕ್ಕೇ ಅಲ್ವಾ ಕೊಡೋದು. ಇದೂ ಹಾಗೇ.

ಬಿಳಿಜೋಳ (ವಿಜಯಪುರ)

ಹಂಗಲ್ಲ. ಎರಡೂ ಬ್ಯಾರೆ ಬ್ಯಾರೆ, ಮತ್ತ ಇಡೀ ಜಗಳ ನಿಂತಿರೋದ ಈ ಬ್ಯಾರೆತನದ ಮ್ಯಾಲ.

ಪಿಎಂ ಕಿಸಾನ್ 2019ರ ಫೆಬ್ರವರಿಯಿಂದ ಕೊಡ್ತಿರೋದು. ವರ್ಷಕ್ಕ 6,000, ಮೂರು ಕಂತು. ಭೂಮಿ ಇರೋ ಕುಟುಂಬದ ಆದಾಯಕ್ಕ ಆಸರಿ ಅಂತ. ಹೊಲ ಬಿತ್ತಿದ್ರೂ ಬರ್ತೈತಿ, ಬೀಳು ಬಿಟ್ಟಿದ್ರೂ ಬರ್ತೈತಿ. ಭೂಮಿ ಇಲ್ಲದವರನ್ನ ಹೊರಗ ಇಟ್ಟಿದ್ದು ಸರಿ ಅಂತ ನಾ ಹೇಳೂದಿಲ್ಲ, ಆದ್ರ ಅದರ ನಿಯಮದಾಗ ಅದು ಸ್ಪಷ್ಟ ಐತಿ.

ಬೆಳೆ ಪರಿಹಾರದ ಹೆಸರು ಮಾರ್ಗಸೂಚಿಯೊಳಗ ಏನೈತಿ ನೋಡ್ರಿ. ಇನ್‌ಪುಟ್ ಸಬ್ಸಿಡಿ. ಅಂದ್ರ ಬೀಜ, ಗೊಬ್ಬರ, ಔಷಧ, ಆಳು, ಇವಕ್ಕ ಹಾಕಿದ ರೊಕ್ಕ ಮಣ್ಣುಪಾಲಾತಲ್ಲ, ಮತ್ತ ಬಿತ್ತಾಕ ಕೈಯಾಗ ಒಂದಿಷ್ಟು ಇರ್ಲಿ ಅಂತ ಕೊಡೋ ಸಹಾಯಧನ. ಭೂಮಿಯ ಬೆಲೆಗೆ ಕೊಡೋದಲ್ಲ ಇದು. ಹುಬ್ಬಳ್ಳ್ಯಾಗ ಕುಂತಾವರು ಬೀಜ ಹಾಕಿಲ್ಲ, ಗೊಬ್ಬರ ಹಾಕಿಲ್ಲ. ಅವರಿಗೆ ಬರಬೇಕಾದ ಲಾವಣಿ ಯುಗಾದಿಗೇ ಬಂದೈತಿ. ಅವರದು ಹಾನಿ ಆಗಿದ್ದರ ಏನು?

ಪಾಲಿನ ಹೊಲ ಆದ್ರ ಲೆಕ್ಕ ಬ್ಯಾರೆ. ಕೋರಿಗೆ ಕೊಟ್ಟಾಗ ಅರ್ಧ ಬೆಳಿ ಮಾಲಕಂದು, ಕೆಲವು ಕಡೆ ಗೊಬ್ಬರದಾಗ ಅರ್ಧ ಅವನ ಹಾಕ್ತಾನ. ಅಲ್ಲಿ ಪರಿಹಾರಾನೂ ಅರ್ಧ ಆಗೋದು ನ್ಯಾಯ. ನಮ್ಮ ಊರಾಗ ಹಿರೇರು ಕುಂತು ಹಂಗ ಹಂಚಿಸಿದ್ದನ್ನ ನಾನ ನೋಡೀನಿ. ರೊಕ್ಕದ ಲಾವಣ್ಯಾಗ ಮಾತ್ರ ಇಡೀ ಹಾನಿ ಮಾಡೋನ ತಲಿ ಮ್ಯಾಲ.

ಚೇಣಿಅಡಕೆ (ಶಿವಮೊಗ್ಗ)

ನಮ್ಮ ಕಡೆ ಇನ್ನೊಂದು ಥರ. ಅಡಕೆ ತೋಟದ ಗೊಬ್ಬರ, ಔಷಧಿ, ಬೇಸಾಯ ಎಲ್ಲ ಮಾಲೀಕರೇ ಮಾಡ್ತಾರೆ. ಚೇಣಿ (ಫಸಲಿನ ಗುತ್ತಿಗೆ) ಹಿಡಿದವರು ಫಸಲು ಮಾತ್ರ ತಗೊಳ್ತಾರೆ. ಕೊಳೆ ರೋಗ ಬಂದು ಅಡಕೆ ಉದುರಿದ್ರೆ ಚೇಣಿದಾರನಿಗೂ ಹೊಡೆತ, ಮುಂದಿನ ವರ್ಷ ರೇಟ್ ಕಮ್ಮಿ ಆಗಿ ಮಾಲೀಕನಿಗೂ ಹೊಡೆತ. ಅಲ್ಲಿ ಪರಿಹಾರ ಮಾಲೀಕನಿಗೆ ಹೋಗೋದು ನನಗೆ ತಪ್ಪು ಅನ್ನಿಸಲ್ಲ. ಒಂದೇ ನಿಯಮ ಎಲ್ಲಾ ಕಡೆಗೂ ಅಂತ ಮಾಡಿದ್ರೆ ಕಷ್ಟ.

ಬಿಳಿಜೋಳ

ಒಪ್ಪಿದೆ. ಖರ್ಚು ಹಾಕಿದವರಿಗೆ ಅಂತ ಅಂದ್ರ ನಿಮ್ಮ ಕಡೆ ಅದು ಮಾಲೀಕರಿಗೇ ಬರ್ತೈತಿ.

ಸೀರೆಸೆರಗು

ಲಾವಣಿ ವಿಷಯ ಅಲ್ಲ, ಆದರೂ ಪಹಣಿ ಮಾತು ಬಂತು ಅಂತ ಬರೀತಿದ್ದೀನಿ. ನಾವು ಸ್ವಂತ ಹೊಲದಲ್ಲೇ ದುಡಿಯೋರು. ಪಹಣಿ ಮಾವನವರ ಹೆಸರಲ್ಲಿದೆ, ಅವರು ತೀರಿ ನಾಲ್ಕು ವರ್ಷ. ನನ್ನ ಗಂಡ ಎರಡು ವರ್ಷದ ಹಿಂದೆ ತೀರಿಕೊಂಡರು. ಈಗ ಉಳೋದು, ಬಿತ್ತೋದು, ಆಳು ಕರೆಯೋದು ಎಲ್ಲ ನಾನೇ. ಪಹಣಿಯಲ್ಲಿ ಸತ್ತವರಿದ್ದಾರೆ, ಹೊಲದಲ್ಲಿ ನಾನಿದ್ದೀನಿ. ಮೈದುನಂದಿರು ಪೌತಿ ಖಾತೆಗೆ ಸಹಿ ಹಾಕ್ತಿಲ್ಲ, ಪಾಲು ಆಗಲಿ ಆಮೇಲೆ ನೋಡೋಣ ಅಂತಾರೆ. ನನಗೆ ಎಫ್‌ಐಡಿ ಇಲ್ಲ, ಪರಿಹಾರ ಇಲ್ಲ, ವಿಮೆ ಕಟ್ಟೋಕಾಗಲ್ಲ, ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿ ಬೀಜ ಕೇಳಿದ್ರೂ ಎಫ್‌ಐಡಿ ನಂಬರ್ ಹೇಳಿ ಅಂತಾರೆ.

ಹಳೇಪಹಣಿ

ತಾಯಿ, ನಿಮ್ಮದಕ್ಕೆ ದಾರಿ ಇದೆ. ಪೌತಿ ಖಾತೆ ಎಂದರೆ ವಿಭಾಗವಲ್ಲ. ವಾರಸುದಾರರೆಲ್ಲರ ಹೆಸರನ್ನು ಜಂಟಿಯಾಗಿ ಸೇರಿಸುವುದು ಅಷ್ಟೇ, ಯಾರ ಪಾಲೂ ಕಡಿಮೆಯಾಗುವುದಿಲ್ಲ. ಇದನ್ನು ಮೈದುನಂದಿರಿಗೆ ಬಿಡಿಸಿ ಹೇಳಿ, ಎಷ್ಟೋ ಮನೆಯಲ್ಲಿ ಇಷ್ಟು ತಿಳಿಯದೆಯೇ ಹಟ ಹಿಡಿಯುತ್ತಾರೆ. ಮಾವನವರದು, ನಿಮ್ಮ ಯಜಮಾನರದು ಎರಡೂ ಮರಣ ಪ್ರಮಾಣಪತ್ರ ಮತ್ತು ನಾಡಕಚೇರಿಯಿಂದ ವಂಶವೃಕ್ಷ ತೆಗೆದಿಟ್ಟುಕೊಳ್ಳಿ. 2025ರಲ್ಲಿ ಕಂದಾಯ ಇಲಾಖೆ ಇ-ಪೌತಿ ಆಂದೋಲನ ಎಂದು ಶುರುಮಾಡಿದೆ. ಸತ್ತವರ ಹೆಸರಿನಲ್ಲಿರುವ ಪಹಣಿಗಳನ್ನು ವಾರಸುದಾರರಿಗೆ ಮಾಡಿಕೊಡಲೆಂದೇ ಗ್ರಾಮ ಆಡಳಿತ ಅಧಿಕಾರಿಗಳು ಮನೆಗೆ ಬರುತ್ತಾರೆ. ನಿಮ್ಮ ಊರಿನವರನ್ನು ನೀವೇ ಹೋಗಿ ಕೇಳಿ, ಅವರು ಬರಲಿ ಎಂದು ಕಾಯಬೇಡಿ. ಜಂಟಿ ಹೆಸರು ಬಂದರೆ ನಿಮಗೂ ಎಫ್‌ಐಡಿ ಆಗುತ್ತದೆ. ಪಿಎಂ ಕಿಸಾನ್‌ನಲ್ಲಿ 2019ರ ಫೆಬ್ರವರಿ 1ರ ನಂತರ ಭೂಮಿ ಕೊಂಡವರನ್ನು ಸೇರಿಸುವುದಿಲ್ಲ, ಆದರೆ ಮರಣದಿಂದ ವಾರಸಾಗಿ ಬಂದವರಿಗೆ ಆ ಅಡ್ಡಿ ಇಲ್ಲ. ಅದಕ್ಕೂ ಅರ್ಜಿ ಹಾಕಿ.

ಸೀರೆಸೆರಗು

ಜಂಟಿ ಅಂದ್ರೆ ಪಾಲು ಹೋಗಲ್ಲ ಅನ್ನೋದು ನನಗೂ ಗೊತ್ತಿರಲಿಲ್ಲ. ಇವತ್ತೇ ದೊಡ್ಡ ಮೈದುನನ ಹತ್ತಿರ ಮಾತಾಡ್ತೀನಿ.

ರಾಯಚೂರುಭತ್ತ

ಬೇರೆ ರಾಜ್ಯದಾಗ ಏನ್ ಮಾಡ್ಯಾರ ಅಂತ ಸ್ವಲ್ಪ ಹೇಳ್ತೀನಿ, ನಾವು ಗಡಿಯಾಗ ಇರೋರು.

ಆಂಧ್ರದಾಗ 2019ರಾಗ ಬೆಳೆ ಸಾಗುವಳಿದಾರರ ಹಕ್ಕಿನ ಕಾಯ್ದೆ ಬಂತು. 11 ತಿಂಗಳಿಗೆ ಒಂದು ಕಾರ್ಡ್ ಕೊಡ್ತಾರ. ಆ ಕಾರ್ಡ್ ಮ್ಯಾಲ ಬೆಳೆ ಸಾಲ, ವಿಮೆ, ಪರಿಹಾರ ಕೇಳಬಹುದು, ಭೂಮಿ ಮ್ಯಾಲ ಮಾತ್ರ ಯಾವ ಹಕ್ಕೂ ಬರೂದಿಲ್ಲ. ಒಡಿಶಾದಾಗ ರೈತರಿಗೆ ಸಹಾಯಧನ ಕೊಡೋ ಕಾಲಿಯಾ ಯೋಜನೆಯಾಗ ಪಾಲಿಗೆ ಮಾಡೋರನ್ನ, ಭೂಮಿ ಇಲ್ಲದ ಕುಟುಂಬಗಳನ್ನ ಸೇರಿಸಿದ್ರು. ತೆಲಂಗಾಣದಾಗ 2018ರಾಗ ರೈತು ಬಂಧು ಸಹಾಯಧನ ಶುರುವಾದಾಗ ಎಕರೆಕ್ಕ 4,000, ಆಮ್ಯಾಲ 5,000, ಪ್ರತಿ ಹಂಗಾಮಿಗೆ. ಅದು ಪಟ್ಟಾದಾರ್ ಪಾಸ್‌ಬುಕ್ ಇದ್ದವರಿಗೆ ಮಾತ್ರ, ಕೌಲಿಗೆ, ಅಂದ್ರ ಲಾವಣಿಗೆ, ಮಾಡೋ ರೈತರಿಗೆ ಇರಲಿಲ್ಲ. ನಮ್ಮ ಅಕ್ಕನ ಮನೆಯವರು ನಾರಾಯಣಪೇಟ ಕಡೆ ಕೌಲಿಗೆ ಮಾಡ್ತಾರ. ಮಾಲಕರಿಗೆ ಸರ್ಕಾರದ ರೊಕ್ಕಾನೂ ಬರ್ತಿತ್ತು, ಕೌಲೂ ಬರ್ತಿತ್ತು, ಕೌಲು ಒಂದು ರೂಪಾಯಿ ಇಳೀಲಿಲ್ಲ.

ಆಂಧ್ರದ ಕಾರ್ಡಿನಾಗೂ ಒಂದು ತೊಡಕು ಐತಿ. ಮಾಲಕರ ಸಹಿ ಬೇಕು. ಸಹಿ ಹಾಕಾಕ ಅವರು ಹೆದರ್ತಾರ, ಮತ್ತ ಅಲ್ಲಿಗೇ ಬಂದು ನಿಲ್ತೈತಿ.

ಮಗಳುಬೆಂಗಳೂರು

ಅದೇ ನನ್ನ ಪ್ರಶ್ನೆ. ಅಮ್ಮ ಸಹಿ ಹಾಕಬೇಕೆಂದರೆ ಏನು ಬರೆದಿರಬೇಕು?

ಬಿಳಿಜೋಳ

"ಈ ಚೀಟಿ ಒಂದ ಹಂಗಾಮಿಗೆ, ಇದರಿಂದ ಗೇಣಿ ಹಕ್ಕು ಹುಟ್ಟೂದಿಲ್ಲ, ಎಷ್ಟು ವರ್ಷ ಮಾಡಿದ್ರೂ ಹುಟ್ಟೂದಿಲ್ಲ" ಅಂತ ಕಾಯ್ದೆಯೊಳಗ ಬರಿಬೇಕು, ಬರೀ ಚೀಟ್ಯಾಗ ಅಲ್ಲ. 2016ರಾಗ ನೀತಿ ಆಯೋಗ ಟಿ. ಹಕ್ ಅವರ ಸಮಿತಿಯಿಂದ ಮಾದರಿ ಭೂ ಗುತ್ತಿಗೆ ಕಾಯ್ದೆ ಬರೆಸಿ ರಾಜ್ಯಗಳಿಗೆ ಕಳಿಸಿತ್ತು. ಅದರಾಗ ಎರಡೂ ಕಡೆಗೆ ಕಾವಲು ಐತಿ. ಮಾಲಕಂಗ ಭೂಮಿ ಹೋಗೂದಿಲ್ಲ, ಮಾಡೋನಿಗೆ ಸಾಲ, ವಿಮೆ, ವಿಪತ್ತು ಪರಿಹಾರ ಸಿಗ್ತೈತಿ. ನಾವು 2020ರಾಗ ಭೂಸುಧಾರಣಾ ಕಾಯ್ದೆ ತಿದ್ದಿದ್ದು ಯಾವುದಕ್ಕ? 79ಎ, 79ಬಿ ಕಲಮು ತೆಗೆದು ರೈತರಲ್ಲದವರೂ ಹೊಲ ಕೊಳ್ಳಾಕ ದಾರಿ ಮಾಡಿದ್ವಿ. ಹಂಗ ಕೊಂಡವರು ಎಷ್ಟು ಮಂದಿ ತಾವ ಬಿತ್ತತಾರ? ಅವರ ಹೆಸರು 9ನೇ ಕಾಲಂಗೆ ಬಂತು, ಮುಂದ ಬರೋ ಬೆಳೆ ಪರಿಹಾರಾನೂ ಅವರ ಕಡೆಗೇ. ಕೊಳ್ಳೋರಿಗಾಗಿ ಕಾಯ್ದೆ ತಿದ್ದಾಕ ಬಂತು, ಮಾಡೋರಿಗಾಗಿ 5ನೇ ಕಲಮಿಗೆ ಒಂದು ಸಾಲು ಸೇರಿಸಾಕ ಬರಲಿಲ್ಲ. ನನಗ ಇದು ಭಾಳ ನೋವಿನ ಮಾತು.

ಮತ್ತ 2007ರ ರಾಷ್ಟ್ರೀಯ ರೈತ ನೀತಿಯೊಳಗ ರೈತ ಅಂದ್ರ ಯಾರು ಅಂತ ಬರದಾರ. ಗೇಣಿಗೆ ಮಾಡೋರು, ಪಾಲಿಗೆ ಮಾಡೋರು, ಕೂಲಿಯವರು ಎಲ್ಲಾರೂ ಅದರಾಗ ಅದಾರ. ಫಸಲ್ ಬಿಮಾ ನಿಯಮದಾಗೂ ಗೇಣಿದಾರರು ವಿಮೆ ಮಾಡಿಸಬಹುದು ಅಂತೈತಿ. ನಾನು ಲಾವಣಿ ಹೊಲಕ್ಕ ತೊಗರಿ ವಿಮೆ ಕಟ್ಟಾಕ ಹೋದಾಗ ಎಫ್‌ಐಡಿ ಇಲ್ಲದ ಅರ್ಜಿ ಮುಂದ ಹೋಗಲಿಲ್ಲ.

ಬಗರ್‌ಹುಕುಂ

ನಾವು ಸರ್ಕಾರಿ ಜಮೀನು ಮಾಡಿಕೊಂಡು, ಅದನ್ನ ಸಕ್ರಮ ಮಾಡಿಕೊಡಿ ಅಂತ 57ನೇ ನಮೂನೆ ಅರ್ಜಿ ಹಾಕಿ ಕಾಯ್ತಿರೋರು. ನಮಗೂ ಏನೂ ಬರಲ್ಲ. ನಮ್ಮನ್ನೂ ಮರೀಬೇಡಿ.

ಬಯಲುಸೀಮೆ

ಇನ್‌ಪುಟ್ ಸಬ್ಸಿಡಿ ಅನ್ನೋ ಮಾತು ನಾನು ಯೋಚನೆ ಮಾಡಿರಲಿಲ್ಲ. ಮೊದಲು ಹೇಳಿದ್ದನ್ನ ವಾಪಸ್ ತಗೋತೀನಿ. ಆದ್ರೆ ಒಂದು ಭಯ ಉಳಿದೇ ಇದೆ. ಮಾಡೋರ ಹೆಸರು ಬರೆಯೋ ವ್ಯವಸ್ಥೆ ಬಂದ ದಿನ, ಮಾಲೀಕರು ಹೊಲ ಬೀಳು ಬಿಡ್ತಾರೆ, ಇಲ್ಲಾ ನೀಲಗಿರಿ ಹಾಕಿ ಹೋಗ್ತಾರೆ. ಆಗ ಎರೆಹೊಲ ಅವರಿಗೆ ಆ 6 ಎಕರೆನೂ ಸಿಗಲ್ಲ.

ಎರೆಹೊಲ

ಆ ಭಯ ನನಗೂ ಐತ್ರೀ. ಅದಕ್ಕ ಮಾಲಕರ ಜೋಡಿ ಜೋರು ಮಾತಾಡಿಲ್ಲ. ಬರೋ ಯುಗಾದಿಗೆ ಅವರು "ಬ್ಯಾಡ" ಅಂದ್ರ ನಾ ಎಲ್ಲಿಗೆ ಹೋಗ್ಲಿ?

ನನ್ನ 13,000 ಚಿಲ್ಲರದಾಗೂ ಇನ್ನೊಂದು ಆತು. ಬ್ಯಾಂಕಿನವರು ಬೆಳೆ ಸಾಲ ಬಾಕಿ ಐತಿ ಅಂತ ಖಾತೆದಾಗ ತಡೆ ಹಿಡದಿದ್ರು. 2024ರ ಬರ ಪರಿಹಾರದಾಗ ಸಾಲಕ್ಕ ಮುರಕೋಬಾರದು ಅಂತ ಜಿಲ್ಲಾಧಿಕಾರಿಗಳು ಹೇಳಿದ್ರಲ್ಲ, ಅದ ಮಾತು ಹಿಡಕೊಂಡು ಎರಡು ಸಲ ಹೋಗಿ ಕೇಳಿದ ಮ್ಯಾಲ ಬಿಟ್ರು. ಯಾರಿಗರ ಹಂಗ ಆಗಿದ್ರ ಬರದು ಕೊಡ್ರಿ, ಬಾಯಿಲೆ ಕೇಳಿದ್ರ ಆಗೂದಿಲ್ಲ. ತಹಶೀಲ್ದಾರ ಕಚೇರಿಗೂ ಒಂದು ಪ್ರತಿ ಕೊಡ್ರಿ.

ಹಳೇಪಹಣಿ

ಸರಿಯಾಗಿ ಮಾಡಿದ್ದೀರಿ. ಹಣ ಬಂದಿಲ್ಲ ಎನ್ನುವವರು ಇನ್ನೆರಡನ್ನು ನೋಡಿಕೊಳ್ಳಿ. ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಹಣ ಅಲ್ಲಿಗೆ ಹೋಗಿರುತ್ತದೆ, ನೀವು ಪಾಸ್‌ಬುಕ್ ಕೊಟ್ಟ ಬ್ಯಾಂಕಿಗಲ್ಲ. ಎರಡನೆಯದು, ಬೆಳೆ ದರ್ಶಕ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ಬರೆದಿದ್ದಾರೆ ನೋಡಿ. ಹೆಸರು ಬಿತ್ತಿದ ಹೊಲಕ್ಕೆ ಬೀಳು ಎಂದು ಬರೆದಿದ್ದರೆ ಪರಿಹಾರ ಪಟ್ಟಿಗೇ ಸೇರುವುದಿಲ್ಲ. ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಹಾಕಿ.

ಮಗಳುಬೆಂಗಳೂರು

ಐದು ದಿನದ ನಂತರ ಬರೆಯುತ್ತಿದ್ದೇನೆ.

ನಿನ್ನೆ ನಮ್ಮ ಹೊಲ ಮಾಡುವವರಿಗೆ ಫೋನ್ ಮಾಡಿದೆ. ಯುಗಾದಿ ಬಿಟ್ಟು ಬೇರೆ ದಿನ ನಾನು ಅವರಿಗೆ ಫೋನ್ ಮಾಡಿದ್ದೇ ಇಲ್ಲ. "ಈ ಸಲ ಗೋವಿನಜೋಳಕ್ಕೆ ಎಷ್ಟು ಖರ್ಚಾಯ್ತು?" ಎಂದು ಕೇಳಿದೆ. ಆ ಕಡೆ ಸುಮ್ಮನಾದರು. ಆಮೇಲೆ ಮೆಲ್ಲಗೆ "ಯಾಕ ಅಕ್ಕಾರ, ಹೊಲ ಬ್ಯಾರೆದವ್ರಿಗೆ ಕೊಡ್ತೀರೇನು?" ಎಂದರು. ಹನ್ನೆರಡು ವರ್ಷ ಹೊಲ ಮಾಡಿದ ಮನುಷ್ಯ ಖರ್ಚು ಕೇಳಿದರೆ ಹೆದರುತ್ತಾರೆ ಎಂದರೆ ನಾವು ಅವರನ್ನು ಹೇಗೆ ಇಟ್ಟಿದ್ದೇವೆ ಎಂದು ರಾತ್ರಿಯೆಲ್ಲ ಅದೇ ಯೋಚನೆ.

ಅಮ್ಮನಿಗೆ ಎಲ್ಲ ಓದಿ ಹೇಳಿದೆ, ಅಜ್ಜಿಯ ಮಾತೂ ಬಂತು, ಅತ್ತರು. ಚೀಟಿಗೆ ಸಹಿ ಹಾಕಲು ಈಗಲೂ ಒಪ್ಪಿಲ್ಲ. ಆದರೆ ಈ ಸಲ ಬಂದ ಪರಿಹಾರದ ಹಣವನ್ನು ಕಳಿಸು ಎಂದು ಅವರೇ ಹೇಳಿದರು. ಬೆಳಿಗ್ಗೆ ಕಳಿಸಿದೆ. 2024ರದ್ದನ್ನು ಮುಂದಿನ ಯುಗಾದಿಯ ಲಾವಣಿಯಲ್ಲಿ ಬಿಟ್ಟುಕೊಡೋಣ ಎಂದು ಮಾತಾಡಿಕೊಂಡಿದ್ದೇವೆ.

ಎರೆಹೊಲ

ಅಕ್ಕಾರ, ನೀವು ಬರದದ್ದನ್ನ ನಮ್ಮ ಮಾಲಕರಿಗೆ ಕಳಸ್ಲೇನು? ನಿಮ್ಮ ಹೆಸರು ಇಲ್ಲ, ಊರೂ ಇಲ್ಲ. ನಾ ಏನೂ ಕೇಳೂದಿಲ್ಲ, ಬರೀ ಓದ್ರಿ ಅಂತೀನಿ.

ಹೆಸರು ಹೋದ ಹೊಲದಾಗ ಕಡ್ಲಿ ಬಿತ್ತೀನಿ, ನಾಟಿಗಿ ಚಲೋ ಐತಿ. ಮನ್ನೆ ಹಿಂಗಾರಿ ಸಮೀಕ್ಷೆದವ ಬಂದಿದ್ದ, ನಮ್ಮೂರ ಹುಡುಗನ. ಫೋಟೊ ಹೊಡೆದು ಕಡ್ಲಿ ಅಂತ ಹಾಕ್ಕೊಂಡ. ಬಿತ್ತಿದವರ ಹೆಸರು ಹಾಕಾಕ ಜಾಗ ಐತೇನೋ ಅಂದೆ. ಫೋನ್ ನನ್ನ ಕಡೆ ಹೊಳ್ಳಿಸಿ ತೋರ್ಸಿದ, ಇರಲಿಲ್ಲ.

ಮಗಳುಬೆಂಗಳೂರು

ಕಳಿಸಿ. ಅವರು ಮಾತಾಡಬೇಕೆಂದರೆ ನಾನೂ ಮಾತಾಡುತ್ತೇನೆ.